ಬುಟ್ಟಿಯ ತಳ ನೋಡಿದ ನರಸಮ್ಮ

ಸರ್ಕಾರಿ ಶಾಲೆಗೆ ಹೊಸದಾಗಿ ಚಿತ್ರಕಲಾ ಶಿಕ್ಷಕರಾಗಿ ಸೇರುವವರಿಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಒಂದೆರಡು ವರ್ಷ ನಿಮಗೆ ಚಿತ್ರ ಕಲಿಸಲು ಬಿಡುವೇ ಸಿಗುವುದಿಲ್ಲ. ಶಾಲೆಯ ಬೋರ್ಡಿನಲ್ಲಿ ಮಾಸಿದ ಅಕ್ಷರ ತಿದ್ದಬೇಕು. ಆಗಸ್ಟ್ ಬಂದರೆ ಧ್ವಜಕಟ್ಟೆಗೆ ಸುಣ್ಣ ಬಳಿಸಬೇಕು. ನಿವೃತ್ತರಾಗುವವರಿಗೆ ಬಿನ್ನವತ್ತಳೆ ಬರೆಯಬೇಕು. ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ಅವರ ತರಗತಿಯ ಮಕ್ಕಳನ್ನು ಗಲಾಟೆ ಮಾಡದಂತೆ ಕೂರಿಸಬೇಕು. ‘ರಹಮತ್ ಸಾರ್ ಇದ್ದಾರಲ್ಲ, ಅವ್ರ ಕೈಲಿ ಬರೆಸಿ’ ಎನ್ನುವುದು ನಾನು ಕೆಲಸದಲ್ಲಿದ್ದಷ್ಟು ದಿನವೂ ಕೇಳಿದ ಮಾತು. ಬೇಸರ ಪಟ್ಟುಕೊಳ್ಳಬೇಡಿ. ಅಕ್ಷರ ಬರೆಯುವುದೂ ಚಿತ್ರವೇ. ನಮ್ಮ ತಂದೆ ಆರ್.ಟಿ. ನಗರದಲ್ಲಿ ಅಂಗಡಿಗಳಿಗೆ ಬೋರ್ಡು ಬರೆದೇ ನಮ್ಮನ್ನು ಸಾಕಿದರು. ನಮ್ಮ ಮನೆಮಾತು ದಕ್ಖನಿ. ಕನ್ನಡದ ‘ಳ’ ಎಷ್ಟು ಚೆಂದದ ಆಕಾರ ಅಂತ ನನಗೆ ಮೊದಲು ತೋರಿಸಿದ್ದು ಅವರು.

ನಾನು ಮಾಡಿದ ತಪ್ಪುಗಳನ್ನು ಹೇಳಿದರೆ ನಿಮಗೆ ಹೆಚ್ಚು ಉಪಯೋಗ. ಯಶವಂತಪುರದ ಕಡೆಯ ಶಾಲೆಯಲ್ಲಿದ್ದಾಗ ‘ಒಂದು ಸೀನರಿ ಬರೀರಿ’ ಎಂದರೆ ಮಕ್ಕಳೆಲ್ಲ ಎರಡು ಬೆಟ್ಟ, ನಡುವೆ ಅರ್ಧ ಸೂರ್ಯ, ಕೆಳಗೆ ನದಿ, ಪಕ್ಕಕ್ಕೊಂದು ತೆಂಗಿನ ಮರ ಬರೆಯುತ್ತಿದ್ದರು. ಹಾಗೆ ಬರೆದವರಿಗೆ ನಾನೂ ಒಳ್ಳೆಯ ಅಂಕ ಕೊಡುತ್ತಿದ್ದೆ. ಒಬ್ಬಳು ಹುಡುಗಿ ಮಾತ್ರ ಹೆಬ್ಬಾಳದ ಮೇಲ್ಸೇತುವೆಯನ್ನೂ ಅದರ ಕೆಳಗೆ ಟಾರ್ಪಾಲು ಕಟ್ಟಿಕೊಂಡು ಹಲಸಿನ ಹಣ್ಣು ಮಾರುವವರನ್ನೂ ಬರೆದಳು.

“ಬೆಟ್ಟ ಎಲ್ಲಮ್ಮ?” ಎಂದು ಕೇಳಿದೆ.

“ನಾನು ಬೆಟ್ಟ ನೋಡಿಲ್ಲ ಸಾರ್. ಇದನ್ನ ದಿನಾ ನೋಡ್ತೀನಿ,” ಎಂದಳು.

ಆ ಹುಡುಗಿಗೆ ಹತ್ತಕ್ಕೆ ಮೂರು ಅಂಕ ಕೊಟ್ಟೆ. ಆ ಮೂರು ಅಂಕ ಇಂದಿಗೂ ನನ್ನನ್ನು ಚುಚ್ಚುತ್ತವೆ. ಮುಂದೆ ತರಬೇತಿ ಶಿಬಿರಗಳು ಬಂದವು, ‘ಮಗು ಕಂಡದ್ದನ್ನು ಬರೆಯಲಿ’ ಎಂಬ ಹೊಸ ಪದ್ಧತಿ ಬಂತು. ನಾನೂ ತಲೆಯಾಡಿಸಿದೆ, ತಕ್ಕಮಟ್ಟಿಗೆ ಬದಲಾದೆ. ಆದರೆ ಒಳಗಿದ್ದ ನಕಲು ಮಾಡಿಸುವ ಮೇಷ್ಟ್ರು ಅಷ್ಟು ಸುಲಭವಾಗಿ ಹೋಗಲಿಲ್ಲ. ಅವನು ಹೋದದ್ದು ನಿವೃತ್ತಿಗೆ ಇನ್ನೆರಡು ವರ್ಷ ಇದ್ದಾಗ, ಹತ್ತೇ ದಿನಗಳಲ್ಲಿ. ನಿಮಗೆ ಹೇಳಬೇಕೆಂದಿರುವುದು ಆ ಹತ್ತು ದಿನಗಳ ಕಥೆ.

ಆಗ ನಾನು ಯಲಹಂಕದಲ್ಲಿ, ಪುಟ್ಟೇನಹಳ್ಳಿಯ ಕಡೆ ಒಂದು ಪ್ರೌಢಶಾಲೆಯಲ್ಲಿದ್ದೆ. ನಮ್ಮ ಮುಖ್ಯೋಪಾಧ್ಯಾಯಿನಿ ವಸಂತಾ ಮೇಡಂ. ಬಹಳ ಶಿಸ್ತಿನವರು. ಅವರು ನಕ್ಕದ್ದನ್ನು ನೋಡಿದವರು ತಾರೀಖು ಬರೆದಿಟ್ಟುಕೊಳ್ಳುತ್ತಾರೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಒಂದು ದಿನ ನನ್ನನ್ನು ಕರೆದು, “ಆಸ್ಟ್ರೇಲಿಯಾದಿಂದ ಒಬ್ಬ ಕಲಾವಿದೆ ಬರ್ತಾರಂತೆ. ಅಲ್ಲಿಯ ಮೂಲನಿವಾಸಿ ಜನ. ಮಕ್ಕಳು, ಪೋಷಕರು ಎಲ್ಲ ಸೇರಿ ಅವ್ರ ಜೊತೆ ಏನೋ ಮಾಡ್ಬೇಕಂತೆ. ನೋಡ್ಕೊಳ್ಳಿ. ಶಾಲೆ ಮಾನ ಕಳೀಬೇಡಿ,” ಎಂದರು.

ನಾನು ಮಾನ ಉಳಿಸಲು ಟೊಂಕ ಕಟ್ಟಿದೆ. ಅಂತರ್ಜಾಲದಲ್ಲಿ ಹುಡುಕಿದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರ ಎಂದರೆ ಚುಕ್ಕಿಗಳು ಎಂದು ತಿಳಿಯಿತು. ಬಣ್ಣಬಣ್ಣದ ಚುಕ್ಕಿಯಲ್ಲಿ ಹಾವು, ಹಲ್ಲಿ, ಸುರುಳಿ. ಎಷ್ಟು ಚೆಂದ! ಒಂಬತ್ತನೇ ತರಗತಿಯ ಮಕ್ಕಳಿಗೆ ಇಯರ್‌ಬಡ್ ಕೊಟ್ಟು ಒಂದು ವಾರ ಚುಕ್ಕಿ ಇಡಿಸಿದೆ. ನಲವತ್ತು ಚಾರ್ಟುಗಳಾದವು. ಬಾಗಿಲಿಗೆ ಒಂದು ದೊಡ್ಡ ಕಾಂಗರೂ ಬರೆದು ಕೆಳಗೆ ‘ಸುಸ್ವಾಗತ’ ಎಂದು ನನ್ನ ಕೈಯಾರೆ ಬರೆದೆ.

ಕಲಾವಿದೆಯ ಹೆಸರು ಐರೀನ್. ಅರವತ್ತೈದರ ಆಸುಪಾಸು. ದಪ್ಪ ದೇಹ, ಬಿಳಿಯ ಗುಂಗುರು ಕೂದಲು, ಕಾಲಲ್ಲಿ ಕ್ಯಾನ್ವಾಸ್ ಶೂ. ಜೊತೆಗೆ ದೀಪ್ತಿ ಎಂಬ ನಮ್ಮೂರಿನದೇ ಹುಡುಗಿ, ಕಾರ್ಯಕ್ರಮ ಏರ್ಪಡಿಸಿದ್ದವಳು, ಅನುವಾದವೂ ಅವಳದೇ. ಮಕ್ಕಳು ಅಭ್ಯಾಸಬಲದಿಂದ “ಗುಡ್ ಮಾರ್ನಿಂಗ್ ಆಂಟೀ” ಎಂದು ರಾಗ ಎಳೆದರು. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು. ದೀಪ್ತಿ ಅವರ ಮಾತನ್ನು ಕನ್ನಡಕ್ಕೆ ತಂದಳು: “ನಮ್ಮಲ್ಲಿ ಹಿರಿಯ ಹೆಂಗಸರಿಗೆ ಆಂಟಿ ಅಂತಾರೆ, ಅದು ಗೌರವದ ಮಾತು. ನಿಮಗೆ ಯಾರು ಹೇಳಿಕೊಟ್ಟರು?” ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಮಕ್ಕಳು ತರಕಾರಿ ಮಾರುವವರಿಗೂ ಆಂಟಿ ಎನ್ನುತ್ತಾರೆ. ಅಂದಿನಿಂದ ಅವರು ನಮಗೆಲ್ಲ ಐರೀನ್ ಆಂಟಿ.

ಆಮೇಲೆ ಅವರು ಒಳಗೆ ಬಂದು ಗೋಡೆಯ ಮೇಲಿನ ಚುಕ್ಕಿಗಳನ್ನು ನೋಡಿದರು. ಒಂದೊಂದನ್ನೂ ನೋಡುತ್ತ ಹೋದ ಹಾಗೆ ಅವರ ಮುಖದ ನಗು ಸಣ್ಣಗಾಯಿತು. ಕೊನೆಗೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, “ಇವು ಯಾರ ಕಥೆಗಳು?”

“ನಿಮ್ಮವೇ,” ಎಂದೆ, ಹೆಮ್ಮೆಯಿಂದ.

“ಅಲ್ಲ. ಚುಕ್ಕಿ ನನ್ನ ಜನರದ್ದಲ್ಲ. ಅದು ಮರುಭೂಮಿಯ ಕಡೆಯವರದ್ದು. ನಮ್ಮಿಂದ ಬಹಳ ದೂರ. ಅಲ್ಲಿ ಒಂದೊಂದು ಗುರುತಿಗೂ ಅದನ್ನು ಬರೆಯುವ ಹಕ್ಕಿರುವ ಮನೆತನವಿದೆ. ಕೇಳದೆ ನಾನೂ ಬರೆಯುವಂತಿಲ್ಲ.”

ನಾನು ಕೈಗೆ ಸಿಕ್ಕ ಒಂದು ಚಾರ್ಟನ್ನು ಗೋಡೆಯಿಂದ ಬಿಚ್ಚತೊಡಗಿದೆ. ಮಕ್ಕಳ ಮುಖ ಬಾಡಿತು. ಅದನ್ನು ಕಂಡು ಐರೀನ್ ಆಂಟಿ ನೆಲದ ಮೇಲೆಯೇ ಕೂತು ಮಕ್ಕಳನ್ನು ಸುತ್ತ ಕೂರಿಸಿಕೊಂಡರು. “ನಿಮ್ಮ ಕೈಗಳಿಗೆ ತಾಳ್ಮೆ ಇದೆ ಅಂತ ಗೊತ್ತಾಯಿತು, ಅದೇ ನನಗೆ ಬೇಕಾದದ್ದು. ಕಾಂಗರೂ ಮಾತ್ರ ಇರಲಿ, ಅದರ ಬಾಲ ನನಗೆ ಇಷ್ಟವಾಯಿತು,” ಎಂದರು. ಮಕ್ಕಳು ನಕ್ಕರು. ಆಮೇಲೆ ಅವರು ನೆಲದ ಮೇಲೆ ಅಂಗೈ ಊರಿ ಕೇಳಿದರು, “ಇದು ಯಾರ ನೆಲ?”

“ಗೌರ್ಮೆಂಟ್‌ದು,” ಎಂದ ಒಬ್ಬ. “ಕಾರ್ಪೊರೇಷನ್‌ದು,” ಎಂದಳು ಇನ್ನೊಬ್ಬಳು. ಹಿಂದಿನಿಂದ ಯಾರೋ “ನಾಗರಾಜಪ್ಪ ಅವ್ರದು,” ಎಂದಾಗ ಎಲ್ಲರೂ ಗೊಳ್ಳೆಂದರು. ನಾಗರಾಜಪ್ಪ ನಮ್ಮ ಶಾಲಾ ಸಮಿತಿಯ ಸದಸ್ಯರು. ಸುತ್ತಮುತ್ತ ಅವರ ಸೈಟುಗಳಿದ್ದವು.

“ಊರಿಗೂ ರಸ್ತೆಗೂ ಮುಂಚೆ ಇಲ್ಲಿದ್ದವರು ಯಾರು? ಇಲ್ಲಿ ಬೆಳೆಯುವ ಹುಲ್ಲಿನ ಗುಣ ಬಲ್ಲವರು ಯಾರು? ಮೊದಲು ಅವರನ್ನು ಕೇಳಿ ಕೆಲಸ ಶುರು ಮಾಡೋಣ,” ಎಂದರು ಐರೀನ್ ಆಂಟಿ. ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ನಾನು. ಆ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅವರ ಜನ ಆಸ್ಟ್ರೇಲಿಯಾದ ದಕ್ಷಿಣದವರು. ದೊಡ್ಡ ನದಿಯೊಂದು ಕಡಲು ಸೇರುವ ಕಡೆಯವರು. ಅಲ್ಲಿನ ಕಲೆ ನೀರಂಚಿನ ಹುಲ್ಲಿನಿಂದ ಬುಟ್ಟಿ, ಚಾಪೆ ಹೆಣೆಯುವುದು. ನಡುವಿನಿಂದ ಶುರುಮಾಡಿ ಸುರುಳಿ ಸುತ್ತುತ್ತ ಹೋಗುತ್ತಾರೆ. ಹುಲ್ಲನ್ನು ವಿಮಾನದಲ್ಲಿ ತರುವಂತಿಲ್ಲವಾದ್ದರಿಂದ ಹೆಣೆದ ಒಂದು ಬುಟ್ಟಿಯನ್ನು ಮಾತ್ರ ತಂದಿದ್ದರು. ಇಲ್ಲಿ ಯಾವುದರಿಂದ ಹೆಣೆಯುವುದು? ನಾನು ಪುಟ್ಟೇನಹಳ್ಳಿ ಕೆರೆಯ ಜೊಂಡು ಕೊಯ್ಯೋಣವೆಂದು ಅಂದೇ ಹೋದೆ. ಕಾವಲಿನವರು ಗೇಟಿನಲ್ಲೇ ತಡೆದು, “ಹಕ್ಕಿ ಗೂಡು ಕಟ್ಟೋ ಜಾಗ ಸಾರ್, ಒಂದು ಕಡ್ಡಿನೂ ಮುಟ್ಟೋ ಹಾಗಿಲ್ಲ,” ಎಂದು ಬುದ್ಧಿ ಹೇಳಿ ಕಳಿಸಿದರು. ಅಲ್ಲಿಗೆ ನನ್ನ ಎರಡನೇ ತಪ್ಪು. ಮೂರನೆಯದಾಗಿ, ಮಾರ್ಕೆಟ್ಟಿನಿಂದ ವಯರ್ ಬುಟ್ಟಿ ಹೆಣೆಯುವ ಪ್ಲಾಸ್ಟಿಕ್ ವಯರು ತಂದು ಮುಂದಿಟ್ಟೆ. ಐರೀನ್ ಆಂಟಿ ಅದನ್ನು ಒಮ್ಮೆ ಬಾಗಿಸಿ ನೋಡಿ ಪಕ್ಕಕ್ಕಿಟ್ಟರು.

ಆಗಲೇ ಬಿಸಿಯೂಟದ ಅಡುಗೆಯ ನರಸಮ್ಮ ಟೀ ತಂದದ್ದು.

ನರಸಮ್ಮ ನಮ್ಮ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಅಡುಗೆ ಮಾಡುತ್ತಿದ್ದರು. ಐವತ್ತೈದರ ಹತ್ತಿರದ ವಯಸ್ಸು, ಸಣಕಲು ಮೈ. ಮಾತು ಕಡಿಮೆ. ನಾವೆಲ್ಲ ಅವರನ್ನು ‘ನೀನು’ ಎನ್ನುತ್ತಿದ್ದೆವು. ಅವರು ತಟ್ಟೆ ಕೆಳಗಿಟ್ಟರು. ಮೇಜಿನ ಮೇಲಿದ್ದ ಆ ಬುಟ್ಟಿಯನ್ನು ಕಂಡು ಒಂದು ಗಳಿಗೆ ತಡೆದರು. ಕೈಯನ್ನು ಸೀರೆಗೆ ಒರೆಸಿಕೊಂಡು ಬುಟ್ಟಿಯನ್ನೆತ್ತಿ ಬೋರಲು ಹಾಕಿ ಅದರ ತಳವನ್ನು ನೋಡಿದರು. ಹೆಬ್ಬೆರಳಿನಿಂದ ನಡುವಿನ ಮೊದಲ ಸುತ್ತನ್ನು ಒತ್ತಿದರು. ಮತ್ತೆ ಇದ್ದ ಹಾಗೇ ಇಟ್ಟು ಹೊರಟುಹೋದರು.

“ಆಕೆ ಹೆಣೆಯುವವಳು,” ಎಂದರು ಐರೀನ್ ಆಂಟಿ.

“ಇಲ್ಲ, ಅಡುಗೆಯವಳು,” ಎಂದೆ ನಾನು.

“ಆಕೆ ತಳ ನೋಡಿದಳು. ಉಳಿದವರೆಲ್ಲ ಬುಟ್ಟಿ ಎಷ್ಟು ಚೆಂದ ಅಂದರು. ತಳ ನೋಡಿದ್ದು ಆಕೆ ಒಬ್ಬಳೇ.” ಅಷ್ಟು ಹೇಳಿ ಎದ್ದು ಅಡುಗೆಮನೆಯ ಕಡೆ ನಡೆದರು. ನಾನೂ ದೀಪ್ತಿಯೂ ಹಿಂದೆ ಹೋದೆವು.

ನರಸಮ್ಮ ಪಾತ್ರೆ ಉಜ್ಜುತ್ತಿದ್ದರು. ದೀಪ್ತಿ ಕೇಳಿದ್ದಕ್ಕೆ ತಲೆಯೆತ್ತದೆ, “ನಂಗೇನೂ ಗೊತ್ತಿಲ್ಲ ಕಣವ್ವ, ಸುಮ್ನೆ ನೋಡ್ದೆ,” ಎಂದರು. ಐರೀನ್ ಆಂಟಿ ಒತ್ತಾಯ ಮಾಡಲಿಲ್ಲ. ಹೊಸ್ತಿಲ ಮೇಲೆ ಕೂತು ತಮ್ಮ ಅಜ್ಜಿಯ ಕಥೆ ಹೇಳತೊಡಗಿದರು. ಸರ್ಕಾರ ಅವರ ಜನರನ್ನೆಲ್ಲ ಒಂದು ಕಡೆ ಕೂಡಿಹಾಕಿತ್ತಂತೆ. ಅಲ್ಲಿಂದ ಹೊರಗೆ ಹೋಗಲು ಚೀಟಿ ಬೇಕಿತ್ತಂತೆ. ತಮ್ಮ ಭಾಷೆ ಆಡಿದರೆ, ತಮ್ಮ ಪದ್ಧತಿ ಉಳಿಸಿಕೊಂಡರೆ, ಮಕ್ಕಳನ್ನು ಸಾಕಲು ಯೋಗ್ಯರಲ್ಲವೆಂದು ಮಕ್ಕಳನ್ನೇ ಕಿತ್ತುಕೊಂಡು ಹೋಗುತ್ತಿದ್ದರಂತೆ. ಅದಕ್ಕೆ ಅಜ್ಜಿ ಕಿಟಕಿಗೆ ಪರದೆ ಎಳೆದು ಹೆಣೆಯುತ್ತಿದ್ದರಂತೆ. ಯಾರಾದರೂ ಬಾಗಿಲು ತಟ್ಟಿದರೆ ಬುಟ್ಟಿ ಮಂಚದ ಕೆಳಗೆ.

ದೀಪ್ತಿ ಕನ್ನಡದಲ್ಲಿ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಪಾತ್ರೆ ಉಜ್ಜುವ ಸದ್ದು ನಿಂತಿತ್ತು.

“ನಮ್ ತಾತ ದಿನಾ ಠಾಣೆಗೆ ಓಗಿ ಎಬ್ಬೆಟ್ಟು ಒತ್ತಿ ಬರ್ಬೇಕಿತ್ತಂತೆ,” ಎಂದರು ನರಸಮ್ಮ, ನೀರಿನ ಕಡೆ ನೋಡುತ್ತ. “ಏನೂ ಮಾಡ್ದಿದ್ರೂವೆ. ನಮ್ ಜನ ಅಂದ್ರೇನೇ ಕಳ್ರು, ನಮ್ ಜನದಾಗೆ ಉಟ್ಟಿದ್ದೇ ತಪ್ಪು ಅಂತ. ನಾವು ಈಚಲು ಚಾಪೆ, ಬುಟ್ಟಿ ಎಣೆಯೋರು ಮೇಷ್ಟ್ರೇ. ನಮ್ಮವ್ವ ಎಣೆದ ಬುಟ್ಟಿ ಈ ಕಡೆ ಎಲ್ಲಾ ಮನೆಯಾಗೂ ಇತ್ತು. ನಾನು ಇಲ್ಲಿ ಯಾರ್ಗೂ ಏಳಿಲ್ಲ. ಯಾವ ಜನ ಅಂತ ಗೊತ್ತಾದ್ರೆ ಮಕ್ಳು ಊಟ ಬಿಟ್ಬುಡ್ತಾರೆ. ನನ್ ಕೆಲ್ಸ ಓಯ್ತದೆ.”

ಹದಿನಾಲ್ಕು ವರ್ಷ ಆಕೆಯ ಕೈಯ ಸಾರು ಉಂಡಿದ್ದೆ. ಆ ಕೈಗಳನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ತೋರುಬೆರಳಿನ ಒಳಬದಿಯಲ್ಲಿ ಹಳೆಯ ಗೆರೆಗಳು, ಗರಿಯಂಚು ಕೊಯ್ದ ಗೆರೆಗಳು. ಐರೀನ್ ಆಂಟಿ ತಮ್ಮ ತೋರುಬೆರಳನ್ನು ಮುಂದೆ ಚಾಚಿದರು. ಅಲ್ಲೂ ಅವೇ ಗೆರೆಗಳು.

ನರಸಮ್ಮ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಹೇಳಿದರು, “ಆ ವಯರು ತಗ್ದಾಕಿ. ಈಚಲು ಬೇಕು. ನಾನು ತೋರಿಸ್ತೀನಿ. ಆದ್ರೆ ನಾನು ಅಡ್ಗೆಮನೆಯಾಗೇ ಇರ್ತೀನಿ. ಒರಗೆ ಬರಾಕಿಲ್ಲ.”

ಮರುದಿನ ಭಾನುವಾರ. ನಾವು ನಾಲ್ವರೂ ಬಸ್ಸಿನಲ್ಲಿ ಚಿಕ್ಕಜಾಲದ ಕಡೆ ಹೋದೆವು. ನರಸಮ್ಮ ಹುಟ್ಟಿದ್ದು ಅಲ್ಲೇ ಒಳಗಿನ ಒಂದು ಹಟ್ಟಿಯಲ್ಲಿ. “ಈ ರೋಡ್ ಅಗ್ಲ ಮಾಡೋವಾಗ ಈಚಲು ಮರ ಎಲ್ಲಾ ಓದ್ವು. ಕೆರೆ ಏರಿ ಇಂದೆ ಒಂದಷ್ಟು ಉಳ್ಕಂಡವೆ,” ಎಂದು ಹೇಳುತ್ತ ಮುಂದೆ ಮುಂದೆ ನಡೆದರು. ತಲೆಯ ಮೇಲೆ ಐದೈದು ನಿಮಿಷಕ್ಕೊಂದು ವಿಮಾನ. ಏರಿಯ ಹಿಂದೆ ಹನ್ನೆರಡೋ ಹದಿಮೂರೋ ಈಚಲು ಮರಗಳು ಧೂಳು ಹೊದ್ದು ನಿಂತಿದ್ದವು.

ಅಲ್ಲಿ ಕಂಡದ್ದನ್ನು ಹೇಗೆ ಹೇಳಬೇಕೋ ಇವತ್ತಿಗೂ ನನಗೆ ಗೊತ್ತಿಲ್ಲ. ನರಸಮ್ಮ ಚಪ್ಪಲಿ ಬಿಟ್ಟರು. ಮೊದಲ ಮರದ ಬುಡ ಮುಟ್ಟಿ ಹಣೆಗೊತ್ತಿಕೊಂಡರು. ತಿರುಗಿ ನೋಡಿದರೆ ಐರೀನ್ ಆಂಟಿಯೂ ಶೂ ಬಿಚ್ಚಿದ್ದರು. ನೆಲದತ್ತ ಬಾಗಿ ತಮ್ಮ ಭಾಷೆಯಲ್ಲಿ ಏನೋ ಮೆಲ್ಲಗೆ ಹೇಳುತ್ತಿದ್ದರು. ಆಮೇಲೆ ದೀಪ್ತಿಯನ್ನು ಕೇಳಿದೆ. “ನಾನು ಹೊರಗಿನವಳು, ಇಂಥ ಊರಿಂದ ಬಂದಿದ್ದೇನೆ, ಸ್ವಲ್ಪ ತೆಗೆದುಕೊಳ್ಳುತ್ತೇನೆ ಅಂತ ಹೇಳಿಕೊಂಡ್ರಂತೆ ಸಾರ್,” ಎಂದಳು.

ನರಸಮ್ಮ ಕುಡುಗೋಲಿನ ತುದಿಯಿಂದ ತೋರಿಸಿದರು. “ಈ ನಡುವಿಂದು ಸುಳಿ. ಇದ್ನ ಮುಟ್ಟಬಾರ್ದು, ಮುಟ್ಟಿದ್ರೆ ಮರ ಸಾಯ್ತದೆ. ಸುಳಿ ಪಕ್ಕದ್ದು ಎಲ್ಡು ಗರಿ, ಅಷ್ಟೇಯ. ಒಂದೇ ಮರ ಬೋಳಿಸಬಾರ್ದು. ಎಲ್ಲಾ ಮರದಾಗೂ ಚೂರು ಚೂರು.”

ದೀಪ್ತಿ ಅನುವಾದಿಸಲು ಬಾಯಿ ತೆರೆದಳು. ಐರೀನ್ ಆಂಟಿ ಬೇಡವೆಂದು ಕೈ ಎತ್ತಿದರು. ಪಕ್ಕದಲ್ಲಿದ್ದ ಹುಲ್ಲಿನ ಮೆಳೆಯ ಮುಂದೆ ಕೂತು, ನಡುವಿನ ಎಳೆಯದನ್ನು ಬೆರಳಿಂದ ಮರೆಮಾಡಿ, ಅಕ್ಕಪಕ್ಕದ ಎರಡೆರಡೇ ಎಳೆ ಎತ್ತಿ ತೋರಿಸಿ, ಮುಂದಿನ ಮೆಳೆಗೆ ಸರಿದರು. ನರಸಮ್ಮ ಕುಡುಗೋಲು ಹಿಡಿದಂತೆಯೇ ನಿಂತು ನೋಡಿದರು. “ಅವ್ವಾ! ಈ ಯಮ್ಮಂಗೂ ಗೊತ್ತು ಕಣ್ರೀ ಮೇಷ್ಟ್ರೇ!” ಎಂದರು. 

ಎಷ್ಟು ಸಾವಿರ ಮೈಲಿ ನೀರು ನಡುವೆ. ಇಬ್ಬರ ಅಜ್ಜಿಯರೂ ಒಂದೇ ಪಾಠ ಹೇಳಿದ್ದರು.  ನಾನು ಓದಿದ ಕಲಾಶಾಲೆಯಲ್ಲಿ ಬಣ್ಣವನ್ನು ಹೇಗೆ ಬಳಿಯಬೇಕೆಂದು ಕಲಿಸಿದ್ದರೇ ಹೊರತು, ತೆಗೆದುಕೊಳ್ಳುವಾಗ ಎಷ್ಟಕ್ಕೆ ನಿಲ್ಲಬೇಕೆಂದು ಕಲಿಸಿರಲಿಲ್ಲ.

“ಕೊಡಿ ನರಸಮ್ಮ, ಹೊರೆ ನಾನು ಹೊತ್ಕೊಳ್ತೀನಿ. ನೀವು ಮುಂದೆ ನಡೀರಿ,” ಎಂದೆ.

“ಏನ್ ಮೇಷ್ಟ್ರೇ, ನೀವು ಗೀವು ಅಂತೀರಿ?” ಎಂದು ನಕ್ಕರು. ನಾನು ಮುಳ್ಳು ಚುಚ್ಚಿಸಿಕೊಂಡು ಹೊರೆ ಹೊತ್ತೆ.

ಗರಿಗಳು ಶಾಲೆಯ ತಾರಸಿಯಲ್ಲಿ ಎರಡು ದಿನ ಒಣಗಿದವು. ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಟ್ಟು ಹದ ಮಾಡಿದ್ದು ನರಸಮ್ಮ. ಮಕ್ಕಳಿಗೆ ಮಾತ್ರ ‘ನಿಮ್ಮ ಮೇಷ್ಟ್ರೇ ತಂದ್ರು’ ಎಂದು ಹೇಳಿಸಿದರು. ಬುಧವಾರದಿಂದ ವರಾಂಡದಲ್ಲಿ ಕೆಲಸ ಶುರುವಾಯಿತು. ತಾಯಂದಿರೂ ಬಂದರು. ಐರೀನ್ ಆಂಟಿ ನಡುವೆ ಕೂತು ತಮ್ಮ ಸುರುಳಿಯನ್ನು ಆರಂಭಿಸಿದರು. ನರಸಮ್ಮ ಅಡುಗೆಮನೆಯಲ್ಲಿ ನನಗೆ ಐದೆಳೆಯ ಹೆಣಿಗೆ ಕಲಿಸುವುದು, ನಾನು ಹೊರಗೆ ಬಂದು ಉಳಿದವರಿಗೆ ಕಲಿಸುವುದು, ಹೀಗೆ ನಡೆಯಿತು. ನಮ್ಮ ಬೀದಿಯ ಕಡೆಯವರಾದ ಮೆಹರುನ್ನಿಸಾ ಒಂದೇ ನಿಮಿಷದಲ್ಲಿ ಹಿಡಿದುಬಿಟ್ಟರು. “ಇದು ಮಕ್ಳಿಗೆ ಜಡೆ ಹಾಕ್ದಂಗೇ ಅಲ್ವಾ ಮಾಸ್ಟರ್ ಸಾಬ್?” ಎಂದು ಅವರು ಹೇಳಿದ್ದೇ ತಡ, ಹೆಂಗಸರೆಲ್ಲರ ಬೆರಳೂ ಓಡತೊಡಗಿತು. ಉಳಿದಂತೆ ಅಲ್ಲಿ ಮೌನ ಇರಲಿಲ್ಲ. ಅತ್ತೆಯರ ಮಾತು, ನೀರಿನ ಟ್ಯಾಂಕರಿನ ಮಾತು, ಮಗಳ ಹೆರಿಗೆಯ ಮಾತು. ಐರೀನ್ ಆಂಟಿಗೆ ಒಂದು ಪದವೂ ತಿಳಿಯದಿದ್ದರೂ ಸರಿಯಾದ ಕಡೆ ನಗುತ್ತಿದ್ದರು.

ಮೂರನೇ ದಿನ ಕೆಲಸ ಕಗ್ಗಂಟಾಯಿತು. ಸುರುಳಿ ದುಂಡಗೆ, ನಾವು ಹೆಣೆದ ಪಟ್ಟಿಗಳು ಉದ್ದಕ್ಕೆ. ಎರಡನ್ನೂ ಸೇರಿಸಿ ಒಂದೇ ಚಾಪೆ ಮಾಡಬೇಕು. ಪಟ್ಟಿಯನ್ನು ಸುತ್ತ ಬಾಗಿಸಿದರೆ ಅಂಚು ಎದ್ದು ತಟ್ಟೆಯಂತಾಗುತ್ತಿತ್ತು. ಬಿಗಿದರೆ ಗರಿ ಸೀಳುತ್ತಿತ್ತು. ಐರೀನ್ ಆಂಟಿ ಮೂರು ಸಲ ಬಿಚ್ಚಿದರು. ನಾನು ಆರು ಸಲ ಅಡುಗೆಮನೆಗೆ ಓಡಿದೆ. ನರಸಮ್ಮ ಹೇಳಿದ್ದು ನನ್ನ ಬಾಯಿಂದ ಹೊರಗೆ ಬರುವಷ್ಟರಲ್ಲಿ ಏನೋ ಆಗಿಬಿಡುತ್ತಿತ್ತು. ಏಳನೇ ಸಲ ನಾನು ಸೂಜಿ ಚುಚ್ಚುತ್ತಿದ್ದಾಗ ಹಿಂದಿನಿಂದ ಒಂದು ಕೂಗು ಕೇಳಿತು.

“ಅಯ್ಯೋ, ಅಂಗಲ್ಲ! ಅಂಗಲ್ಲ!”

ನರಸಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಸೌಟು. ಎಲ್ಲರೂ ತಿರುಗಿ ನೋಡಿದರು.  ಒಂದು ಹೆಜ್ಜೆ ಹಿಂದಕ್ಕಿಟ್ಟರು. ನಾನು ಮನಸ್ಸಿನಲ್ಲೇ ಅಂದುಕೊಂಡೆ, ಮುಗಿಯಿತು, ಒಳಗೆ ಹೋಗುತ್ತಾರೆ. ಆದರೆ ಅವರ ಕಣ್ಣು ಆ ಎದ್ದು ನಿಂತ ಅಂಚಿನ ಮೇಲೇ ಇತ್ತು. ಸೌಟನ್ನು ಒಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರ ಬಂದು ಐರೀನ್ ಆಂಟಿಯ ಎದುರು ಕೂತರು. ಪಟ್ಟಿಯ ಒಳ ಅಂಚನ್ನು ಹಲ್ಲಿನಿಂದ ಕಚ್ಚಿ ಮೃದು ಮಾಡಿದರು. ಒಳಗಿನ ಹೆಣಿಗೆಯನ್ನು ಬೆರಳಿಂದ ಒತ್ತಿ ಒತ್ತರಿಸಿದರು, ಹೊರಗಿನದನ್ನು ಸಡಿಲ ಬಿಟ್ಟರು. ಪಟ್ಟಿ ತಾನಾಗಿ ಬಾಗಿತು. ಹಾವು ಸುತ್ತಿಕೊಂಡ ಹಾಗೆ ಸುರುಳಿಯ ಸುತ್ತ ಸರಿದು ಚಪ್ಪಟೆಯಾಗಿ ಕೂತಿತು. ಐರೀನ್ ಆಂಟಿ ಸೂಜಿ ಹಾಕುತ್ತ ಬಂದರು, ನರಸಮ್ಮ ಬಾಗಿಸುತ್ತ ಹೋದರು. ನಾಲ್ಕು ಕೈಗಳು ಒಂದು ಸುತ್ತು ಮುಗಿಸುವಷ್ಟರಲ್ಲಿ ತಾಯಂದಿರೆಲ್ಲ ಹತ್ತಿರ ಸರಿದು ಕೂತಿದ್ದರು.

“ಎಲ್ಲಿ ಕಲ್ತ್ರಿ ಅಜ್ಜಿ?” ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು.

“ನಮ್ಮವ್ವನ ತಾವ. ನಾವು ಎಣೆಯೋ ಜನ,” ಎಂದರು ನರಸಮ್ಮ. ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೆ ತಿಳಿಯಿತು. ಆದರೂ ಕೈ ನಿಲ್ಲಲಿಲ್ಲ.

ಮಾತು ಹೊರಗೆ ಹೋಗಲು ಎಷ್ಟು ಹೊತ್ತು? ಮರುದಿನವೇ ನಾಗರಾಜಪ್ಪ ಗೇಟಿನ ಬಳಿ ನನ್ನನ್ನು ತಡೆದರು. “ಏನ್ ಸಾರ್, ಆ ಯಮ್ಮ ಯಾವ ಜನ?”

“ನನಗೆ ಗೊತ್ತಿಲ್ಲ ನಾಗರಾಜಪ್ಪೋರೆ,” ಎಂದೆ.

ಈ ಬರಹದಲ್ಲಿ ನನಗೆ ಬರೆಯಲು ಕಷ್ಟವಾದ ವಾಕ್ಯ ಅದೇ. ಗೊತ್ತಿದ್ದೂ ಗೊತ್ತಿಲ್ಲ ಎಂದೆ. ಆಕೆಯನ್ನು ಉಳಿಸಲು ಹಾಗೆ ಹೇಳಿದೆ ಎಂದು ಆಗ ಸಮಾಧಾನ ಮಾಡಿಕೊಂಡೆ. ನಿಜವೆಂದರೆ ನನಗೆ ಭಯವಾಗಿತ್ತು.

ಆ ದಿನ ಏಳೆಂಟು ಮಕ್ಕಳು ಮನೆಯಿಂದ ಡಬ್ಬಿ ತಂದಿದ್ದರು. ಅಡುಗೆಮನೆಯಲ್ಲಿ ಅನ್ನ ಉಳಿಯಿತು. ನರಸಮ್ಮ ಅದನ್ನು ಮುಚ್ಚಿಟ್ಟು ಮೂಲೆಯಲ್ಲಿ ಕೂತಿದ್ದರು. “ನಾನು ಮೊದ್ಲೇ ಏಳಿದ್ನಲ್ಲ ಮೇಷ್ಟ್ರೇ,” ಎಂದರು ಅಷ್ಟೇ. ವರಾಂಡಕ್ಕೆ ಬರಲಿಲ್ಲ. ಐರೀನ್ ಆಂಟಿ ತಾವೂ ಸೂಜಿ ಕೆಳಗಿಟ್ಟರು. “ಆಕೆ ಇಲ್ಲದೆ ಇದನ್ನು ಮುಗಿಸುವುದು ಸರಿಯಲ್ಲ. ಇಷ್ಟಕ್ಕೇ ನಿಲ್ಲಲಿ,” ಎಂದರು.

ವಸಂತಾ ಮೇಡಂ ನನ್ನನ್ನು ಕೋಣೆಗೆ ಕರೆದರು. ಬೈಗುಳಕ್ಕೆ ಸಿದ್ಧನಾಗಿ ಹೋದೆ. ಅವರು ಕಿಟಕಿಯ ಹೊರಗೆ ನೋಡುತ್ತ, “ಹದಿನಾಲ್ಕು ವರ್ಷ ಅವ್ರ ಹಾಜರಿಗೆ ನಾವು ಸಹಿ ಹಾಕಿದೀವಿ ರಹಮತ್. ಊರು ಯಾವುದು ಅಂತ ಕೂಡ ಕೇಳಿಲ್ಲ ಅಲ್ವಾ?” ಎಂದರು. ಆಮೇಲೆ ಕನ್ನಡಕ ತೆಗೆದಿಟ್ಟು ಎದ್ದು ಹೊರಟರು.

ಬಿಸಿಯೂಟದ ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು. ಮಕ್ಕಳೆಲ್ಲ ಅಂಗಳದಲ್ಲಿದ್ದರು. ಮೇಡಂ ಅಡುಗೆಮನೆಗೆ ಹೋಗಿ ನರಸಮ್ಮನ ಕೈಯಿಂದ ಒಂದು ತಟ್ಟೆ ಅನ್ನ ಸಾರು ಹಾಕಿಸಿಕೊಂಡು ಅಂಗಳದಲ್ಲೇ ನಿಂತು ಉಂಡರು. ಕೈ ತೊಳೆದು ಬಂದು, “ನರಸಮ್ಮ, ನನಗೂ ಹೇಳ್ಕೊಡಿ,” ಎಂದು ವರಾಂಡದಲ್ಲಿ ಕಾಲು ಮಡಚಿ ಕೂತರು. ಅವರು ನೆಲದ ಮೇಲೆ ಕೂತದ್ದನ್ನು ನಾವು ಯಾರೂ ನೋಡಿರಲಿಲ್ಲ. ನರಸಮ್ಮ ಹೆದರುತ್ತ ಹತ್ತಿರ ಬಂದರು. ಮೇಡಂ ಗರಿ ಹಿಡಿದು ಐದೆಳೆ ಹೆಣೆದರು. ಬೆವರಿದರು. ಅರ್ಧ ಗಂಟೆಯಲ್ಲಿ ಒಂದು ಗೇಣು ಮಾಡಿ ತೋರಿಸಿದರು.

ನರಸಮ್ಮ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಹಿಂಜರಿಕೆ ಒಂದೇ ಕ್ಷಣ. “ಬಿಗಿ ಸಾಲ್ದು ಮೇಡಂ. ಬಿಚ್ಚಿ,” ಎಂದರು.

ಮಕ್ಕಳು ಬಾಯಿ ಮುಚ್ಚಿಕೊಂಡರು. ಮೇಡಂ ಪೂರ್ತಿ ಬಿಚ್ಚಿ ಮೊದಲಿಂದ ಹೆಣೆದರು. ಎರಡನೇ ಸಲವೂ ನರಸಮ್ಮ ಬಿಚ್ಚಿಸಿದರು. ಮೂರನೇ ಸಲ, “ಊಂ, ಈಗ ಆಯ್ತು,” ಎಂದಾಗ ವಸಂತಾ ಮೇಡಂ ನಕ್ಕರು. ತಾರೀಖು ಬರೆದಿಟ್ಟುಕೊಳ್ಳಲು ನಾನು ಮರೆತೆ.

ಡಬ್ಬಿ ತಂದಿದ್ದ ಮಕ್ಕಳಲ್ಲಿ ಇಬ್ಬರು ಸೋಮವಾರ ಡಬ್ಬಿ ತರಲಿಲ್ಲ. ಮುಂದಿನ ವಾರ ಇನ್ನೂ ಮೂವರು. ಇಬ್ಬರ ಮನೆಯವರು ಕೊನೆಯವರೆಗೂ ಬದಲಾಗಲಿಲ್ಲ. ಎಲ್ಲವೂ ಸರಿಹೋಯಿತೆಂದು ನಿಮಗೆ ಸುಳ್ಳು ಹೇಳಲಾರೆ. ಆದರೆ ನರಸಮ್ಮನ ಕೆಲಸ ಹೋಗಲಿಲ್ಲ. ನಾನು ನಿವೃತ್ತನಾಗುವವರೆಗೂ ಪ್ರತಿ ಶನಿವಾರ ಅವರು ತರಗತಿಯಲ್ಲಿ ಕೂತು ಮಕ್ಕಳಿಗೆ ಹೆಣಿಗೆ ಕಲಿಸಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕಲಿತೆ. ಹೊಸದಾಗಿ ಬರುವ ನಿಮಗೆ ನನ್ನ ಮಾತು ಇಷ್ಟೇ. ಹೊರಗಿನಿಂದ ಕಲಾವಿದರನ್ನು ಕರೆಸುವ ಮುಂಚೆ ಶಾಲೆಯ ಅಡುಗೆಮನೆಗೆ, ಕಸ ಗುಡಿಸುವವರ ಬಳಿಗೆ, ಗೇಟಿನ ಕಾವಲಿನವರ ಬಳಿಗೆ ಹೋಗಿ ಕೂತು ಮಾತಾಡಿ.

ಕೊನೆಯ ದಿನ ಚಾಪೆಯನ್ನು ಅಂಗಳದಲ್ಲಿ ಹಾಸಿದೆವು. ನಡುವೆ ಐರೀನ್ ಆಂಟಿಯ ಸುರುಳಿ, ಸುತ್ತ ನಮ್ಮೆಲ್ಲರ ಪಟ್ಟಿಗಳು. ಕೆಲವು ಬಿಗಿ, ಕೆಲವು ಸೊಟ್ಟ. ಒಂದರಲ್ಲಿ ಮೆಹರುನ್ನಿಸಾ ಹಸಿರು ರಿಬ್ಬನ್ ಸೇರಿಸಿದ್ದರು. ಅದನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕೋಣ ಎಂದು ಮೊದಲು ನಾನೇ ಹೇಳಿದ್ದೆ. ನರಸಮ್ಮ ಒಪ್ಪಲಿಲ್ಲ. “ಚಾಪೆನ ಗೋಡೆಗೆ ಆಕ್ತಾರಾ? ಕೂತ್ಕಳಾಕಲ್ವಾ ಮಾಡಿದ್ದು?” ಎಂದರು. ಐರೀನ್ ಆಂಟಿ ಕೈತಟ್ಟಿದರು.

ಇಲಾಖೆಯ ಅತಿಥಿಗಳಿಗೆ, ಸಮಿತಿಯವರಿಗೆ ಎದುರಿಗೆ ಕುರ್ಚಿಗಳಿದ್ದವು. ಹಿಂದೆ ಪೋಷಕರು ನಿಂತಿದ್ದರು. ಐರೀನ್ ಆಂಟಿ ಮೈಕಿನ ಮುಂದೆ ಹೋಗಿ ಒಂದೇ ಮಾತು ಹೇಳಿದರು: “ನಮ್ಮಲ್ಲಿ ಯಾವ ಕೆಲಸಕ್ಕೂ ಮೊದಲು ಆ ನೆಲದ ಹಿರಿಯರು ಬಂದವರನ್ನು ಬರಮಾಡಿಕೊಳ್ಳುತ್ತಾರೆ. ನಾನು ಇಲ್ಲಿ ಅತಿಥಿ. ನರಸಮ್ಮ ಮಾತಾಡಬೇಕು.”

ನರಸಮ್ಮ ಮೈಕು ಹಿಡಿದವರಲ್ಲ. ನನ್ನ ಕಡೆ ನೋಡಿದರು. ನಾನು ಹೋಗಿ ಅವರ ಪಕ್ಕ ನಿಂತೆ, ನಾಗರಾಜಪ್ಪ ನೋಡುತ್ತಿದ್ದಾರೆಂದು ಗೊತ್ತಿದ್ದೇ ನಿಂತೆ. ಅವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದರು:

“ನಾನು ನರಸಮ್ಮ. ನಮ್ಮವ್ವ ಗಂಗವ್ವ. ಅವ್ರವ್ವ ಮುನಿಯಕ್ಕ. ನಾವು ಈಚಲು ಎಣೆಯೋ ಜನ. ಇಲ್ಲಿ ಮನೆ ಆಗಕ್ ಮುಂಚೆ ನಮ್ಮೋರು ಇಲ್ಲೇ ಗರಿ ಕುಯ್ತಿದ್ರು. ನಮ್ಮ ಬುಟ್ಟಿಯಾಗೆ ನಿಮ್ ಮನೆ ರಾಗಿ ಇತ್ತು. ಈ ಯಮ್ಮ ದೂರ್ದಿಂದ ಬಂದವ್ರೆ, ನಂಗೆ ಅಕ್ಕ ಇದ್ದಂಗೆ. ನೀವೂ ಬಂದಿದ್ದೀರಿ. ಸಂತೋಸ. ಬನ್ನಿ, ಕೂತ್ಕಳಿ.”

ಯಾರೂ ಅಲುಗಲಿಲ್ಲ. ವಿಮಾನವೊಂದು ಹಾದುಹೋಯಿತು. ಮೊದಲು ವಸಂತಾ ಮೇಡಂ ಕುರ್ಚಿಯಿಂದ ಎದ್ದರು. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತರು. ಐರೀನ್ ಆಂಟಿ ಕೂತರು. ಮಕ್ಕಳು ನುಗ್ಗಿದರು. ಮೆಹರುನ್ನಿಸಾ ಬಂದರು, ಅವರ ಹಿಂದೆ ಒಬ್ಬೊಬ್ಬರೇ ತಾಯಂದಿರು. ನಾಗರಾಜಪ್ಪ ಗೇಟಿನ ಬಳಿಯೇ ಕೈಕಟ್ಟಿ ನಿಂತಿದ್ದರು. ಅವರ ಹೆಂಡತಿ ಮಾತ್ರ ಗಂಡನ ಕಡೆ ನೋಡದೆ ನಡೆದು ಬಂದು ಅಂಚಿನಲ್ಲಿ ಜಾಗ ಮಾಡಿಕೊಂಡರು. ಇಲಾಖೆಯವರೂ ಶೂ ಬಿಚ್ಚತೊಡಗಿದರು. ಜನ ಚಾಪೆಯಿಂದ ಆಚೆ ಮಣ್ಣಿನ ಮೇಲೂ ಕೂರತೊಡಗಿದರು.

“ಚಾಪೆ ಸಾಲ್ತಿಲ್ಲ ನರಸಮ್ಮ,” ಎಂದೆ.

ಅವರು ಅಷ್ಟು ಜನರನ್ನೂ ಒಮ್ಮೆ ಕಣ್ತುಂಬ ನೋಡಿದರು.

“ಸಾಲಕಿಲ್ಲ ಮೇಷ್ಟ್ರೇ,” ಎಂದರು. “ಇನ್ನೂ ಎಣೀಬೇಕು.”